ಸವತಿಯ ದಡದಲ್ಲಿ ಖಾತೆ

ಎಕಿರಾಪನ ಲಾರಿ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಉರುಳಿ ಅವನು ತೀರಿಕೊಂಡ ಮೇಲೆ, ಅವನ ಇಬ್ಬರು ಹೆಂಡತಿಯರು ಒಂದೇ ಜಾಗದಲ್ಲಿ ಕಾಣಿಸಿಕೊಂಡದ್ದು ಮೊದಲು ಅವನನ್ನು ಹೂಳಿದ ಗುಂಡಿಯ ಹತ್ತಿರ, ಆಮೇಲೆ ಕೋರ್ಟಿನಲ್ಲಿ. ಗುಂಡಿಯ ಹತ್ತಿರ ಒಬ್ಬಳು ತಲೆಯ ಕಡೆ, ಇನ್ನೊಬ್ಬಳು ಕಾಲಿನ ಕಡೆ ನಿಂತಿದ್ದರು. ಕೋರ್ಟಿನಲ್ಲಿ ಇಬ್ಬರ ನಡುವೆ ವಕೀಲ ಕೂತಿದ್ದ.

ನಮ್ಮ ಮಲಾಬ ಊರನ್ನು ನದಿ ಎರಡು ಮಾಡಿದೆ. ಈ ದಡ ಕೀನ್ಯಾ, ಆ ದಡ ಉಗಾಂಡ. ಎರಡೂ ಕಡೆ ಊರಿನ ಹೆಸರು ಒಂದೇ, ಜನ ಒಂದೇ, ಆಡುವ ತೇಸೊ ಮಾತು ಒಂದೇ. ನೋಟು, ಪೊಲೀಸು, ಗುರುತಿನ ಚೀಟಿ ಮಾತ್ರ ಬೇರೆ. ಎಕಿರಾಪ ಮೊಂಬಾಸಾದಿಂದ ಕಂಪಾಲಾಕ್ಕೆ ಲಾರಿ ಓಡಿಸುತ್ತಿದ್ದ. ಈ ದಡದಲ್ಲಿ ದೊಡ್ಡ ಹೆಂಡತಿ ಫೆಲಿಸ್ತಾ, ಸಾಲುಗಟ್ಟಿ ನಿಂತ ಲಾರಿಗಳ ಡ್ರೈವರುಗಳಿಗೆ ಮುದ್ದೆ, ಬೋಟಿ ಸಾರು ಮಾಡಿ ಹಾಕುವ ತಗಡಿನ ಹೋಟೆಲು ಇಟ್ಟಿದ್ದಳು. ಆ ದಡದಲ್ಲಿ ಚಿಕ್ಕ ಹೆಂಡತಿ ಅಕುರುತ್, ಸಂತೆಯಲ್ಲಿ ನೆಲದ ಮೇಲೆ ಹಾಳೆ ಹಾಸಿ ಹಳೆ ಬಟ್ಟೆ ಮಾರುತ್ತಿದ್ದಳು. ಅವನು ಬದುಕಿದ್ದಾಗ ಇಬ್ಬರೂ ಸೇತುವೆ ದಾಟಿ ಒಬ್ಬರ ಮನೆಗೆ ಒಬ್ಬರು ಹೋದವರಲ್ಲ.

ಲಾರಿಯ ಮಾಲೀಕ ಪರಿಹಾರ ಕೊಡಲು ಒಪ್ಪಿದ್ದ. ಆ ದುಡ್ಡು ಮಕ್ಕಳ ಓದಿಗೆ ಅಂತ ಮ್ಯಾಜಿಸ್ಟ್ರೇಟರು ಹೇಳಿದರು. ಇಬ್ಬರು ತಾಯಂದಿರ ಹೆಸರಲ್ಲಿ ಒಂದೇ ಖಾತೆ ಇರಬೇಕು, ಇಬ್ಬರೂ ಸಹಿ ಹಾಕದೆ ಅದರಿಂದ ಬಿಡಿಗಾಸೂ ಹೊರಗೆ ಬರಬಾರದು. ಇವರಿಬ್ಬರೂ ಸತ್ತವನ ಹೆಂಡತಿಯರು ಹೌದು ಅಂತ ಗಂಡನ ಹುಟ್ಟೂರಿನ ಸರ್ಕಾರಿ ಮುಖ್ಯಸ್ಥ, ಅಂದರೆ ಚೀಫ್, ಬರೆದುಕೊಡಬೇಕು. ಯಾವ ಬ್ಯಾಂಕು, ಯಾವ ದಡ ಅನ್ನುವುದನ್ನು ನೀವೇ ಕೂತು ತೀರ್ಮಾನಿಸಿ ಅಂದರು.

"ನಾವು ಕೂತ್ಕೊಂಡಾ?" ಅಂದಳು ಫೆಲಿಸ್ತಾ, ವಕೀಲನ ಹತ್ತಿರ. "ಅವಳು ಕೂತ ಬೆಂಚಲ್ಲಿ ನಾನು ಕೂರಲ್ಲ."

"ಕೂರಬೇಡಕ್ಕಾ," ಅಂದಳು ಅಕುರುತ್. "ನಿನಗೆ ಬೆಂಚು ಸಾಲೋದೂ ಇಲ್ಲ."

ಮೊದಲು ಈ ದಡದ ಬ್ಯಾಂಕಿಗೆ ಹೋದರು. ಅದು ಫೆಲಿಸ್ತಾಳ ಆಯ್ಕೆ. ಕೀನ್ಯಾದ ಶಿಲಿಂಗಿಗೆ ಬೆಲೆ ಜಾಸ್ತಿ, ಇವತ್ತು ಇಟ್ಟ ದುಡ್ಡು ನಾಳೆ ಕರಗುವುದಿಲ್ಲ ಅನ್ನುವುದು ಅವಳ ವಾದ. ಭಾನುವಾರದ ಹಳದಿ ಗೌನು ತೊಟ್ಟು, ಕೌಂಟರಿನ ಹುಡುಗನನ್ನು ಹೆಸರು ಹಿಡಿದು ಕರೆದು, ತನ್ನ ಗುರುತಿನ ಚೀಟಿ ಮುಂದಿಟ್ಟಳು. ಹುಡುಗ ಅದನ್ನು ಬರೆದುಕೊಂಡು ಅಕುರುತ್ ಚೀಟಿ ತಿರುಗಿಸಿ ನೋಡಿದ.

"ಇವರು ವಿದೇಶಿ. ಪಾಸ್‌ಪೋರ್ಟ್ ಬೇಕು. ಇಲ್ಲಿಯ ತೆರಿಗೆ ನಂಬರೂ ಬೇಕು."

"ನಾನು ವಿದೇಶಿನಾ?" ಅಕುರುತ್ ಕೌಂಟರಿನ ಮೇಲೆ ಕೈ ಊರಿದಳು. "ನಮ್ಮನೆ ಕೋಳಿ ಕೂಗಿದ್ರೆ ನಿಮ್ಮ ಬ್ಯಾಂಕಿಗೆ ಕೇಳಿಸತ್ತೆ ಕಣಪ್ಪಾ."

"ರೂಲ್ಸು ನಾನು ಮಾಡಿದ್ದಲ್ಲಮ್ಮಾ."

ಫೆಲಿಸ್ತಾ ಸರದಿಯಲ್ಲಿ ನಿಂತವರಿಗೆಲ್ಲ ಕೇಳುವಂತೆ ನಕ್ಕಳು. "ಗಂಡನ್ನ ಮಾಡ್ಕೊಳೋವಾಗ ಪಾಸ್‌ಪೋರ್ಟ್ ಯಾರೂ ಕೇಳ್ಲಿಲ್ಲ ಇವಳನ್ನ. ಬ್ಯಾಂಕಲ್ಲಿ ಕೇಳ್ತಾರೆ ನೋಡು."

ಸರದಿಯವರೂ ನಕ್ಕರು. ಅಕುರುತ್ ತನ್ನ ಚೀಟಿಯನ್ನು ಕೌಂಟರಿನಿಂದ ಕಿತ್ತುಕೊಂಡು ಹೊರಗೆ ನಡೆದಳು.

ಮುಂದಿನ ವಾರ ಆ ದಡದ ಬ್ಯಾಂಕು. ಬಾಗಿಲಲ್ಲಿ ಬಂದೂಕು ಹಿಡಿದು ನಿಂತ ಕಾವಲುಗಾರ ಅಕುರುತ್‌ಳ ಸ್ವಂತ ಅಣ್ಣ. ಅವನು ತಂಗಿಯನ್ನು ಒಳಗೆ ಬಿಟ್ಟು, ಫೆಲಿಸ್ತಾಳ ಚೀಲವನ್ನು ಪೂರ್ತಿ ಬುಡಮೇಲು ಮಾಡಿ ಪರೀಕ್ಷೆ ಮಾಡಿದ. ಬಾಚಣಿಗೆ, ಜಪಮಾಲೆ, ಅರ್ಧ ತಿಂದ ಮೆಕ್ಕೆಜೋಳದ ತೆನೆ ಎಲ್ಲವನ್ನೂ ಮೇಜಿನ ಮೇಲೆ ಹರಡಿದ. ಒಳಗೆ ಕೂತವನು ಅದೇ ಮಾತು ಹೇಳಿದ: ನೀವು ವಿದೇಶಿ, ಪಾಸ್‌ಪೋರ್ಟ್ ತನ್ನಿ.

"ಅಯ್ಯೋ ಪಾಪ," ಅಂದಳು ಅಕುರುತ್. "ಯಾರೋ ಪರದೇಸಿ ಹೆಂಗಸು. ದಾರಿ ತಪ್ಪಿ ಬಂದಿರಬೇಕು, ನೀರು ಕೊಟ್ಟು ಕಳಿಸಿ."

ಫೆಲಿಸ್ತಾ ಸಾಮಾನು ಚೀಲಕ್ಕೆ ತುಂಬಿಕೊಂಡು ಹೊರಟಳು. ಅಕುರುತ್ ಬಿಡಲಿಲ್ಲ, ಹಿಂದೆಯೇ ಬಂದಳು. ಸೇತುವೆಯ ಮೇಲೆ ಲಾರಿಗಳು ಮೂತಿಗೆ ಮೂತಿ ಹಚ್ಚಿ ನಿಂತಿದ್ದವು.

"ಪಾಸ್‌ಪೋರ್ಟ್ ಮಾಡ್ಸು. ಖಾತೆ ನಮ್ಮ ಕಡೆನೇ ಆಗ್ಲಿ. ಹೊಳೆ ದಾಟಿ ಬಂದ್ರೆ ನಿನ್ನ ಕಾಲು ಸವೆಯಲ್ಲ."

ಫೆಲಿಸ್ತಾ ತಿರುಗಿ ನಿಂತಳು. "ನಿಮ್ಮ ಕಡೆ ಖಾತೆ ಇದ್ದಿದ್ದು ನೋಡಿದೀನಿ ನಾನು. ಗಡಿ ಮುಚ್ಚಿದ್ದ ವರ್ಷ ಮರ್ತೋಯ್ತಾ?"

ಅಕುರುತ್ ಮರೆತಿರಲಿಲ್ಲ. ಯಾರೂ ಮರೆತಿರಲಿಲ್ಲ. ಕಾಯಿಲೆ ಹರಡುತ್ತದೆ ಅಂತ ಸೇತುವೆಗೆ ಗೇಟು ಬಿದ್ದಿತ್ತು. ಜನ ಕದ್ದು ದಾಟುವ ಇಲಿದಾರಿಗಳಲ್ಲೂ ಸೈನಿಕರು ಕೂತಿದ್ದರು. ಆಗ ಫೆಲಿಸ್ತಾಳ ಮಗಳು ಜೆಂಟ್ರಿಕ್ಸ್‌ಳ ಹೊಟ್ಟೆಯಲ್ಲಿ ಅಪೆಂಡಿಕ್ಸ್ ಅನ್ನುವ ಕರುಳಿನ ಬಾಲ ಒಡೆದು ಕೀವಾಯಿತು. ಈ ದಡದ ಬುಂಗೊಮಾ ಪಟ್ಟಣದ ಆಸ್ಪತ್ರೆಯವರು ಮುಂಗಡ ಕಟ್ಟಿ ಅಂದರು. ಎಕಿರಾಪ ಮೊಂಬಾಸಾದಲ್ಲಿ ಸಿಕ್ಕಿಬಿದ್ದಿದ್ದ. ಅವನ ಉಳಿತಾಯವೆಲ್ಲ ಉಗಾಂಡದ ಖಾತೆಯಲ್ಲಿತ್ತು, ಕಾರ್ಡು ಅಕುರುತ್ ಮನೆಯಲ್ಲಿತ್ತು. ಫೆಲಿಸ್ತಾ ಫೋನು ಮಾಡಿ ಬೇಡಿಕೊಂಡಳು. ಮೊಬೈಲಿನಲ್ಲಾದರೂ ಹಾಕು ಅಂದಳು. ಮಷೀನಿನಲ್ಲಿ ದುಡ್ಡಿಲ್ಲ ಅಂತ ಉತ್ತರ ಬಂತು. ಫೆಲಿಸ್ತಾ ಹೋಟೆಲಿನ ತಗಡು ಕಳಚಿ ಮಾರಿದಳು. ಮಗಳು ಬದುಕಿದಳು. ಆದರೆ ಎದೆಯ ಕೆಳಗಿಂದ ಹೊಕ್ಕುಳಿನ ಕೆಳಗಿನ ತನಕ ಹೊಲಿಗೆ ಬಿತ್ತು, ಒಂದು ವರ್ಷದ ಓದು ಹೋಯಿತು.

"ಮಷೀನಲ್ಲಿ ದುಡ್ಡಿರ್ಲಿಲ್ಲ ಅಂದೆ," ಅಂದಳು ಫೆಲಿಸ್ತಾ. "ಇವತ್ತಾದ್ರೂ ನಿಜ ಹೇಳು."

"ಇತ್ತು," ಅಂದಳು ಅಕುರುತ್.

ಲಾರಿಯ ಕಿಟಕಿಯಿಂದ ಬಗ್ಗಿ ನೋಡುತ್ತಿದ್ದ ಡ್ರೈವರು ಅಗಿಯುವುದನ್ನು ನಿಲ್ಲಿಸಿದ.

"ಇತ್ತು. ನಾನೇ ತೆಗೆದೆ. ಸಂತೆ ಮುಚ್ಚಿತ್ತು, ಒಂದು ಅಂಗಿನೂ ಮಾರಿರ್ಲಿಲ್ಲ. ಅವಳಿ ಮಕ್ಕಳಿಗೆ ಹಾಲಿರ್ಲಿಲ್ಲ. ಹಿಟ್ಟು ತಂದೆ, ಎಣ್ಣೆ ತಂದೆ. ಉಳಿದಿದ್ದನ್ನ ಬಚ್ಚಿಟ್ಟೆ, ಗಡಿ ಯಾವಾಗ ತೆಗಿಯುತ್ತೋ ಯಾರಿಗೆ ಗೊತ್ತಿತ್ತು."

"ನನ್ನ ಮಗಳು ಸಾಯ್ತಿದಾಳೆ ಅಂತ ಹೇಳಿದ್ದೆ ನಿಂಗೆ."

"ಹೇಳಿದ್ದೆ. ಕೇಳಿಸ್ಕೊಂಡೆ. ಕಳಿಸ್ಲಿಲ್ಲ. ನಾಳೆ ಹಾಗೇ ಆದ್ರೂ ಮೊದ್ಲು ನನ್ನ ಮಕ್ಕಳ ಬಾಯಿ ನೋಡ್ತೀನಿ. ನೀನಾಗಿದ್ರೂ ಅದೇ ಮಾಡ್ತಿದ್ದೆ."

ಫೆಲಿಸ್ತಾ ಕೈ ಬೀಸಿ ಹೊಡೆದಳು. ಅಕುರುತ್ ಅವಳ ಹಳದಿ ಗೌನಿನ ಕುತ್ತಿಗೆಗೆ ಕೈ ಹಾಕಿದಳು, ಹೊಲಿಗೆ ಪರ್ರೆಂದು ಬಿಟ್ಟಿತು. ಎರಡು ದೇಶದ ಪೊಲೀಸರೂ ಓಡಿಬಂದು ಆ ಕಡೆಯವಳನ್ನು ಆ ಕಡೆಗೆ, ಈ ಕಡೆಯವಳನ್ನು ಈ ಕಡೆಗೆ ಎಳೆದುಕೊಂಡು ಹೋದರು. ಡ್ರೈವರುಗಳು ಹಾರ್ನ್ ಬಾರಿಸಿ ಕೇಕೆ ಹಾಕಿದರು.

ಆ ಸುದ್ದಿ ಎಮೊಜೊಂಗ್‌ನ ಕಿವಿಗೆ ಬೀಳಲು ಹೊತ್ತು ಹಿಡಿಯಲಿಲ್ಲ. ಎಮೊಜೊಂಗ್ ಎಕಿರಾಪನ ಅಣ್ಣ, ಫೆಲಿಸ್ತಾಳಿಗೆ ಭಾವ. ಮನೆತನದ ಜಮೀನೆಲ್ಲ ಅವನ ಕಣ್ಣಳತೆಯಲ್ಲಿತ್ತು. ಮಾತು ಬೆಣ್ಣೆಯಂಥದ್ದು. ಮರುದಿನ ಅವನು ಹೋಟೆಲಿಗೆ ಬಂದು, ತಗಡಿನ ನೆರಳಲ್ಲಿ ಕೂತು, ಫೆಲಿಸ್ತಾ ಬಡಿಸಿದ್ದನ್ನು ಹೊಟ್ಟೆ ತುಂಬ ತಿಂದು, ಬೆರಳು ನೆಕ್ಕಿದ.

"ತಾಯಿ, ನಿನ್ನ ಮುಖ ನೋಡಿದ್ರೆ ನಂಗೆ ಕರುಳು ಕಿವುಚತ್ತೆ. ಆ ಬೀದಿ ಹೆಂಗಸಿನ ಜೊತೆ ಸೇತುವೆ ಮೇಲೆ ಹೊಡೆದಾಡೋ ಗತಿ ಬಂತಲ್ಲ ನಮ್ಮ ಮನೆ ಸೊಸೆಗೆ."

"ಏನ್ಮಾಡ್ಲಿ ಭಾವ? ಕೋರ್ಟು ಇಬ್ಬರೂ ಅಂದಿದೆ."

"ಕೋರ್ಟಿಗೆ ಏನು ಗೊತ್ತು? ಚೀಫ್ ಏನು ಬರೀತಾನೋ ಅದು ಕೋರ್ಟಿಗೆ ಗೊತ್ತು. ಅವಳಿಗೆ ಮದುವೆಯ ತೆರ ಕೊಟ್ಟಿದ್ದು ಯಾರು ನೋಡಿದಾರೆ? ದನ ಹೊಳೆ ದಾಟಿದ್ದು ಯಾರು ನೋಡಿದಾರೆ? ನೀನು ದೊಡ್ಡ ಹೆಂಡತಿ. ಚೀಫ್ ಎದುರು ಒಂದೇ ಒಂದು ಮಾತು ಹೇಳು, 'ನನ್ನ ಗಂಡನಿಗೆ ಬೇರೆ ಹೆಂಡತಿ ಇಲ್ಲ' ಅಂತ. ಖಾತೆ ಈ ದಡದಲ್ಲೇ. ಎರಡನೇ ಸಹಿ ನಂದು ಇರತ್ತೆ, ಮನೆತನದ ಲೆಕ್ಕಕ್ಕೆ. ನಮ್ಮ ದುಡ್ಡು ನಮ್ಮ ನೆಲದಲ್ಲೇ ಉಳಿಯತ್ತೆ."

ಫೆಲಿಸ್ತಾಳಿಗೆ ಆಸೆಯಾಯಿತು. ನಿಜವಾಗಿಯೂ ಆಯಿತು. ಸೇತುವೆಯ ಮೇಲೆ ಕೇಳಿದ "ಇತ್ತು" ಅನ್ನುವ ಮಾತು ಕಿವಿಯಲ್ಲಿ ಇನ್ನೂ ಉರಿಯುತ್ತಿತ್ತು. ಒಂದೇ ಮಾತಿನಲ್ಲಿ ಆ ಹೆಂಗಸನ್ನು ಅವಳ ಹಳೆ ಬಟ್ಟೆ ರಾಶಿಯ ಜೊತೆ ಬೀದಿಗೆ ತಳ್ಳಬಹುದಿತ್ತು. ಅವಳು ಬೋಟಿಯ ಪಾತ್ರೆಯ ಕೆಳಗೆ ಸೌದೆ ಒಟ್ಟುತ್ತ, "ಆ ವರ್ಷ ಜೆಂಟ್ರಿಕ್ಸ್ ಸಾಯ್ಲಿ ಅಂತಲೇ ಬಿಟ್ಟಿದ್ದಳು ಅವಳು," ಅಂದಳು.

"ಗೊತ್ತಿಲ್ವಾ ನಂಗೆ?" ಅಂದ ಎಮೊಜೊಂಗ್. ಅವನ ಕಣ್ಣಲ್ಲಿ ನೀರೇ ಬಂತು. "ಬುಂಗೊಮಾ ಆಸ್ಪತ್ರೆಲಿ ಆ ಕೂಸಿನ ತಲೆದೆಸೆಯಲ್ಲಿ ಹಗಲೆಲ್ಲ ಕೂತಿದ್ದವನು ನಾನು. ನೀನು ತಗಡು ಮಾರೋಕೆ ಹೋದಾಗ ಅವಳ ಬಾಯಿಗೆ ನೀರು ಬಿಟ್ಟವನು ನಾನು. ಮರೆಯೋಕಾಗತ್ತಾ?"

ಫೆಲಿಸ್ತಾ ಸೌದೆ ಕೈಯಲ್ಲೇ ಹಿಡಿದು ಅವನನ್ನು ನೋಡಿದಳು. ಎಮೊಜೊಂಗ್ ಆಸ್ಪತ್ರೆಗೆ ಬಂದಿರಲಿಲ್ಲ. ಅವಳು ಕರೆ ಕಳಿಸಿದಾಗ ಸೋಂಕಿಗೆ ಹೆದರಿ ಬಾಗಿಲೇ ತೆಗೆದಿರಲಿಲ್ಲ. ಸೈಕಲ್ಲು ಕೇಳಿದ್ದಕ್ಕೆ ಒಳಗಿನಿಂದಲೇ ಚಕ್ರ ಪಂಕ್ಚರ್ ಅಂದಿದ್ದ. ಈಗ ಅವನು ಎಷ್ಟು ಅಕ್ಕರೆಯಿಂದ ಹೇಳುತ್ತಿದ್ದ ಅಂದರೆ, ಇನ್ನೊಂದೆರಡು ಸಲ ಕೇಳಿದರೆ ತನಗೂ ಅದು ನಡೆದ ಹಾಗೇ ಅನ್ನಿಸಬಹುದು ಅಂತ ಅವಳಿಗೆ ಭಯವಾಯಿತು.

"ಇನ್ನೊಂಚೂರು ಸಾರು ಹಾಕ್ಲಾ ಭಾವ?" ಅಂದಳು.

ಚೀಫ್ ಸಭೆ ಕರೆದದ್ದು ಎಮೊಜೊಂಗ್‌ನ ಅಂಗಳದ ಮಾವಿನ ಮರದ ಕೆಳಗೆ. ಹಿರಿಯರು ರಾಗಿ ಬೀರಿನ ಮಡಕೆಯ ಸುತ್ತ ಕೂತು ಉದ್ದನೆಯ ಕೊಳವೆಗಳಲ್ಲಿ ಹೀರುತ್ತಿದ್ದರು. ಅಕುರುತ್ ತನ್ನ ಅವಳಿ ಹೆಣ್ಣುಮಕ್ಕಳನ್ನು ಎರಡು ಕೈಯಲ್ಲಿ ಹಿಡಿದು ಹೊಳೆ ದಾಟಿ ಬಂದಿದ್ದಳು. ಅವಳಿಗೆ ಕೂರಲು ಯಾರೂ ಸ್ಟೂಲು ಕೊಡಲಿಲ್ಲ. ಎಮೊಜೊಂಗ್ ಎದ್ದು ನಿಂತು, ತಮ್ಮನ ಹೆಸರು ಹೇಳಿ ಕಣ್ಣು ಒರೆಸಿಕೊಂಡು, ಗಡಿಯಾಚೆಯ ಕೆಲವರು ಸತ್ತವರ ಹೆಸರಲ್ಲಿ ಬೇಳೆ ಬೇಯಿಸಿಕೊಳ್ಳಲು ಬಂದಿದ್ದಾರೆ ಅಂತ ಶುರುಮಾಡಿದ.

"ಈ ಮಕ್ಕಳ ಮೂಗು ನೋಡಿ!" ಅಂತ ಅಕುರುತ್ ಕೂಗಿದಳು. "ನಿಮ್ಮ ಮನೆ ಮೂಗು ಅಲ್ವಾ ಇದು?"

"ಮೂಗು ಎಲ್ಲಾ ಕಡೆ ಬೆಳೆಯತ್ತೆ," ಅಂದ ಎಮೊಜೊಂಗ್. ಹಿರಿಯರಲ್ಲಿ ಕೆಲವರು ನಕ್ಕರು.

ಚೀಫ್ ಕೈ ಎತ್ತಿ ಸದ್ದು ಅಡಗಿಸಿದ. "ದೊಡ್ಡ ಹೆಂಡತಿ ಹೇಳ್ಲಿ. ಫೆಲಿಸ್ತಾ, ಈ ಹೆಂಗಸು ಯಾರು?"

ಅಕುರುತ್ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಉತ್ತರ ಏನು ಬರುತ್ತದೆ ಅಂತ ಅವಳಿಗೆ ಗೊತ್ತಿತ್ತು. ಅವಳು ಫೆಲಿಸ್ತಾಳ ಕಡೆ ನೋಡದೆ ನೆಲಕ್ಕೆ ಉಗಿದಳು.

ಫೆಲಿಸ್ತಾ ಎದ್ದಳು. "ಹಾಳಾದವಳು," ಅಂದಳು. "ನನ್ನ ಮಗಳು ಸಾಯ್ತಾ ಇದ್ದಾಗ ದುಡ್ಡು ಬಚ್ಚಿಟ್ಟವಳು. ದೇವರು ಇವಳಿಗೆ ಒಳ್ಳೇದು ಮಾಡಬಾರದು. ಆದ್ರೆ ನನ್ನ ಗಂಡನ ಹೆಂಡತಿ. ಅವನು ತೆರಕ್ಕೆ ದನ ಕೊಟ್ಟಿದ್ದು ನಿಜ. ಅದರಲ್ಲಿ ಒಂದು ನನ್ನ ಕೊಟ್ಟಿಗೆದು, ಬಿಳಿ ಹಸು. ನಾನು ಅತ್ತಿದ್ದಕ್ಕೇ ನೆನಪಿದೆ."

ಎಮೊಜೊಂಗ್ ನಗುತ್ತಲೇ ಇದ್ದ. "ತಾಯಿಗೆ ಬಿಸಿಲು ತಗಲಿದೆ. ಕೂತ್ಕೋ ಫೆಲಿಸ್ತಾ."

"ಬಿಸಿಲಲ್ಲ ಭಾವ. ನೀವು ಆಸ್ಪತ್ರೆಗೆ ಬಂದಿರ್ಲಿಲ್ಲ."

ಅಂಗಳದಲ್ಲಿ ಯಾರಿಗೂ ಆ ಮಾತಿನ ತಲೆಬುಡ ತಿಳಿಯಲಿಲ್ಲ, ಎಮೊಜೊಂಗ್‌ನನ್ನು ಬಿಟ್ಟು. ಅವನ ನಗು ಹೋಯಿತು. ಚೀಫ್ ಇಬ್ಬರ ಹೆಸರನ್ನೂ ಬರೆದು ಸೀಲು ಒತ್ತಿದ.

ದಾರಿಯಲ್ಲಿ ಅಕುರುತ್ ಹಿಂದಿನಿಂದ ಬಿರುಸಾಗಿ ಬಂದು ಫೆಲಿಸ್ತಾಳನ್ನು ಹಿಡಿದಳು. "ಕಾಲಿಗೆ ಬೀಳ್ತೀನಿ ಅಂದ್ಕೋಬೇಡ. ಇದ್ದಿದ್ದು ಇದ್ದ ಹಾಗೆ ಹೇಳಿದೀಯ, ಭಿಕ್ಷೆ ಏನೂ ಹಾಕಿಲ್ಲ."

"ನಿನ್ನ ಮುಖ ನೋಡಿ ಹೇಳಿದ್ದಲ್ಲ. ದೂರ ನಡಿ."

"ಮತ್ತೆ ಯಾಕೆ ಹೇಳ್ದೆ?"

ಫೆಲಿಸ್ತಾ ಹೆಜ್ಜೆ ಬಿರುಸು ಮಾಡಿದಳು. "ನೀನು ನನ್ನ ಕುತ್ತಿಗೆ ಕುಯ್ಯೋದಾದ್ರೆ ಮುಂದೆ ನಿಂತು ಕುಯ್ತೀಯ. ಅವನು ಎಣ್ಣೆ ಹಚ್ಚಿ, ತಲೆ ಬಾಚಿ, ಆಮೇಲೆ ಕುಯ್ತಾನೆ. ಅಷ್ಟೇ."

ಎಮೊಜೊಂಗ್ ಸುಮ್ಮನೆ ಕೂರಲಿಲ್ಲ. ಭಾನುವಾರ ಫೆಲಿಸ್ತಾ ಪ್ರಾರ್ಥನೆ ಮುಗಿಸಿ ಬರುವಷ್ಟರಲ್ಲಿ ಅವನ ಎತ್ತುಗಳು ಅವಳ ಮರಗೆಣಸಿನ ಹೊಲಕ್ಕೆ ಇಳಿದಿದ್ದವು. ನಿಂತ ಬೆಳೆಯನ್ನು ನೇಗಿಲು ಬುಡಸಮೇತ ಮಗುಚುತ್ತಿತ್ತು. ಬಲಿಯದ ಗೆಡ್ಡೆಗಳು ಬಿಸಿಲಲ್ಲಿ ಬೆಳ್ಳಗೆ ಬಿದ್ದಿದ್ದವು. ಅವನು ಬದುವಿನ ಮೇಲೆ ಛತ್ರಿ ಬಿಡಿಸಿಕೊಂಡು ನಿಂತಿದ್ದ.

"ಇದು ಮನೆತನದ ನೆಲ," ಅಂದ. ಈಗ ಮಾತಿನಲ್ಲಿ ಬೆಣ್ಣೆ ಇರಲಿಲ್ಲ. "ಹೊರಗಿನವಳ ಪರ ನಿಂತವಳಿಗೆ ಇಲ್ಲಿ ಪಾಲಿಲ್ಲ. ಕೇಳಿಸ್ಕೋ, ಈ ದಡದಲ್ಲಿ ನೀನು ಯಾವ ಬ್ಯಾಂಕಿನ ಮೆಟ್ಟಿಲು ಹತ್ತಿದ್ರೂ ಇಳಿಯೋದ್ರೊಳಗೆ ನಂಗೆ ಸುದ್ದಿ ಬರತ್ತೆ. ದುಡ್ಡು ತೆಗೆದ ದಿನ ಬಾಗಿಲಲ್ಲಿ ನಮ್ಮ ಹುಡುಗರು ಕಾಯ್ತಿರ್ತಾರೆ. ನೋಡೋಣ, ಮನೆ ತನಕ ಎಷ್ಟು ಉಳಿಸ್ಕೊಂಡು ಹೋಗ್ತೀಯ."

ಫೆಲಿಸ್ತಾ ಹೊಲಕ್ಕೆ ಇಳಿದಳು. ಗೌನಿನ ಮಡಿಲಿಗೆ ಆದಷ್ಟು ಗೆಡ್ಡೆ ಆಯ್ದುಕೊಂಡಳು. ನೇಗಿಲಿನವನು ಎತ್ತು ನಿಲ್ಲಿಸಿ, ಅವಳು ಆಯುವ ತನಕ ಬೇರೆ ಕಡೆ ನೋಡುತ್ತ ನಿಂತ. ಅದನ್ನು ಕಂಡು ಎಮೊಜೊಂಗ್ ಅವನನ್ನೂ ಬೈದ.

ಅವತ್ತೇ ಸಂಜೆ ಅವಳು ಸೇತುವೆ ದಾಟಿ ಸಂತೆಗೆ ಹೋಗಿ ಅಕುರುತ್‌ಳ ಬಟ್ಟೆ ರಾಶಿಯ ಮುಂದೆ ನಿಂತಳು. ಕೂರು ಅಂತ ಅಕುರುತ್ ಹೇಳಲಿಲ್ಲ.

"ಪಾಸ್‌ಪೋರ್ಟ್ ಮಾಡಿಸ್ತೀನಿ," ಅಂದಳು ಫೆಲಿಸ್ತಾ. "ಖಾತೆ ನಿಮ್ಮ ದೇಶದಲ್ಲಿ ಆಗ್ಲಿ. ಆದ್ರೆ ನಿಮ್ಮಣ್ಣ ಬಂದೂಕು ಹಿಡಿದಿರೋ ಬ್ಯಾಂಕಲ್ಲಿ ಅಲ್ಲ. ಅವನು ನನ್ನ ಚೀಲದಲ್ಲಿ ಕೈ ಹಾಕಿದ್ದು ಸಾಕು."

"ಮತ್ತೆಲ್ಲಿ, ಕಂಪಾಲಾದಲ್ಲಾ?"

"ಟೊರೊರೊದಲ್ಲಿ. ಅಲ್ಲಿ ನಂಗೂ ಯಾರೂ ಇಲ್ಲ, ನಿಂಗೂ ಯಾರೂ ಇಲ್ಲ."

ಅಕುರುತ್ ಒಂದು ಅಂಗಿ ಕೊಡವಿ ಮಡಿಸಿದಳು. "ವ್ಯಾನಿನ ಚಾರ್ಜು ಯಾರು ಕೊಡ್ತಾರೆ?"

"ನಿನ್ನದು ನೀನು. ನನ್ನದು ನಾನು."

ಪಾಸ್‌ಪೋರ್ಟ್ ಬರುವ ಹೊತ್ತಿಗೆ ಮಳೆಗಾಲ ಮುಗಿದಿತ್ತು. ಅಷ್ಟರಲ್ಲಿ ಎಮೊಜೊಂಗ್ ಫೆಲಿಸ್ತಾಳ ಮನೆಗೆ ಹೋಗುವ ಕಾಲುದಾರಿಗೆ ಮುಳ್ಳುಬೇಲಿ ಹಾಕಿಸಿದ್ದ. ಅವಳು ಮನೆ ಬಿಟ್ಟು ಹೋಟೆಲಿನ ಹಿಂದೆಯೇ ಮಗಳ ಜೊತೆ ಮಲಗತೊಡಗಿದ್ದಳು. ಚರ್ಚಿನಲ್ಲಿ ಕೆಲವು ಹೆಂಗಸರು ಅವಳ ಪಕ್ಕ ಕೂರುವುದನ್ನು ಬಿಟ್ಟಿದ್ದರು. ದುಡ್ಡನ್ನು ಹೊರದೇಶಕ್ಕೆ ಸಾಗಿಸುವವಳು ಅಂತ ಅವಳ ಹೆಸರು ಹಬ್ಬಿತ್ತು.

ಟೊರೊರೊ ಬ್ಯಾಂಕಿನಲ್ಲಿ ಇಬ್ಬರೂ ಒಂದೇ ಮೇಜಿನ ಮುಂದೆ ಕೂರಲೇಬೇಕಾಯಿತು. ಮೇಜಿನಾಚೆ ಕೂತಿದ್ದ ಹೆಂಗಸು ಕನ್ನಡಕದ ಮೇಲಿನಿಂದ ಇಬ್ಬರನ್ನೂ ನೋಡಿದಳು.

"ಅಕ್ಕತಂಗಿಯರಾ?"

"ಥೂ," ಅಂದಳು ಫೆಲಿಸ್ತಾ.

"ಸವತಿಯರು," ಅಂದಳು ಅಕುರುತ್.

ಆ ಹೆಂಗಸು ತಾಳ್ಮೆಯಿಂದ ಕೇಳುತ್ತ ಹೋದಳು. ಖಾತೆ ಉಗಾಂಡದ ಶಿಲಿಂಗಿನಲ್ಲಿ ಅಂದ ಕೂಡಲೇ ಫೆಲಿಸ್ತಾ ಚೀಲ ಎತ್ತಿಕೊಂಡು ಎದ್ದುಬಿಟ್ಟಳು. "ನಿಮ್ಮ ನೋಟು ಬೆಳಿಗ್ಗೆ ಒಂದು ಬೆಲೆ, ಸಂಜೆ ಒಂದು ಬೆಲೆ. ಬದಲಾಯಿಸೋದ್ರಲ್ಲೇ ಅರ್ಧ ಸವೆದು ಹೋಗತ್ತೆ. ನಾನು ಒಪ್ಪಲ್ಲ."

"ಕೂತ್ಕೊಳ್ಳಿ ಅಮ್ಮಾ. ಇಲ್ಲೇ ಕೀನ್ಯಾದ ಶಿಲಿಂಗಿನಲ್ಲೂ ಖಾತೆ ಇಡಬಹುದು. ಬಂದ ದುಡ್ಡು ಬಂದ ಹಾಗೇ ಇರತ್ತೆ, ತೆಗೆಯೋವಾಗ ಬೇಕಿದ್ರೆ ಬದಲಾಯಿಸ್ಕೊಳ್ಳಿ. ತಿಂಗಳಿಗೆ ಸ್ವಲ್ಪ ಚಾರ್ಜು ಜಾಸ್ತಿ ಅಷ್ಟೇ."

"ಆ ಜಾಸ್ತಿ ಇವಳ ಪಾಲಿಂದ ಹೋಗ್ಲಿ," ಅಂದಳು ಅಕುರುತ್. "ನೋಟಿನ ಗರ್ವ ಇವಳದ್ದು."

"ನೆಲ ನಿಂದು, ನೋಟು ನಂದು. ಚಾರ್ಜು ಅರ್ಧರ್ಧ."

"ಕಾರ್ಡು?" ಅಂತ ಕೇಳಿದಳು ಬ್ಯಾಂಕಿನ ಹೆಂಗಸು.

"ಬೇಡ," ಅಂದರು ಇಬ್ಬರೂ ಒಟ್ಟಿಗೆ, ಆಮೇಲೆ ಒಬ್ಬರನ್ನೊಬ್ಬರು ಕೆಕ್ಕರಿಸಿ ನೋಡಿದರು.

ದುಡ್ಡು ಬಂತು. ಶಾಲೆ ಶುರುವಾಗುವ ಮೊದಲು ಇಬ್ಬರೂ ಟೊರೊರೊಗೆ ಹೋಗುತ್ತಾರೆ. ವ್ಯಾನಿನಲ್ಲಿ ಒಬ್ಬಳು ಮುಂದೆ ಕೂತರೆ ಇನ್ನೊಬ್ಬಳು ಹಿಂದೆ. ಪ್ರತಿ ಸಲವೂ ಜಗಳ. ಜೆಂಟ್ರಿಕ್ಸ್‌ಳ ನರ್ಸಿಂಗ್ ಶಾಲೆ ದುಬಾರಿ ಅಂತ ಅಕುರುತ್ ಪೆನ್ನು ಕೆಳಗಿಡುತ್ತಾಳೆ. ಅವಳಿಗಳ ಬೂಟು ಹೋದ ಸಲವೇ ತಂದಿದ್ದಾಯಿತು ಅಂತ ಫೆಲಿಸ್ತಾ ಪೆನ್ನು ಕೆಳಗಿಡುತ್ತಾಳೆ. ಒಮ್ಮೆ ಬ್ಯಾಂಕಿನವರು ಇಬ್ಬರನ್ನೂ ಹೊರಗೆ ಕಳಿಸಿ, ಕೂಗಾಟ ಮುಗಿಸಿಕೊಂಡು ಬನ್ನಿ ಅಂದಿದ್ದುಂಟು. ಕೊನೆಗೆ ಸಹಿ ಬೀಳುತ್ತದೆ. ಎಮೊಜೊಂಗ್ ಒಂದು ಸಲ ಟೊರೊರೊ ತನಕ ಬಂದು ಬ್ಯಾಂಕಿನಲ್ಲಿ ವಿಚಾರಿಸಿದ್ದ. ಅಲ್ಲಿ ಅವನ ಹೆಸರು ಕೇಳಿದವರು ಯಾರೂ ಇರಲಿಲ್ಲ. ಹೊಲ ಮಾತ್ರ ಅವನ ಕೈಯಲ್ಲೇ ಇದೆ, ಅದನ್ನು ಬಿಡಿಸಿಕೊಳ್ಳಲು ಫೆಲಿಸ್ತಾ ಹಾಕಿದ ಕೇಸು ಇನ್ನೂ ನಡೆಯುತ್ತಿದೆ.

ಹೋದ ಸಲ ಹಿಂದಿರುಗುವಾಗ ನಾನೂ ಅದೇ ವ್ಯಾನಿನಲ್ಲಿದ್ದೆ. ಸಂತೆ ಬಂದಾಗ ಅಕುರುತ್ ಇಳಿದಳು. ಕಿಟಕಿಯ ಪಕ್ಕ ನಿಂತು, "ಮುಂದಿನ ಸಲ ಬೇಗ ಬಾ. ನಿನ್ನ ದಪ್ಪ ಕಾಲಿಗೆ ಕಾಯ್ತಾ ನಂಗೆ ವ್ಯಾಪಾರ ಹೋಗತ್ತೆ," ಅಂದಳು.

"ಹೋಗೇ ಹೋಗೇ," ಅಂದಳು ಫೆಲಿಸ್ತಾ. "ನೀನು ಮಾರೋ ಸತ್ತವರ ಅಂಗಿ ನಾಳೆನೂ ಅಲ್ಲೇ ಬಿದ್ದಿರತ್ತೆ."

ಅಕುರುತ್ ಕಿಟಕಿಯ ಗಾಜಿಗೆ ಒಂದು ಗುದ್ದು ಕೊಟ್ಟು ಹೋದಳು. ಡ್ರೈವರು ಬೈದುಕೊಂಡು ಗೇರು ಹಾಕಿದ.